ತೀರ್ಮಾನ ಯಾರ ಕೈಯಲ್ಲಿ?

ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳ ಸ್ಥಾಪಕ ಸ್ಯಾಮ್ ವಾಲ್ಟನ್ ಅವರ ಆತ್ಮಕಥೆ 'ಮೇಡ್ ಇನ್ ಅಮೆರಿಕ' ಹೊರಬಂದದ್ದು 1992ರಲ್ಲಿ, ಅವರು ತೀರಿಕೊಂಡ ವರ್ಷವೇ. ಮ್ಯಾನೇಜ್‌ಮೆಂಟ್ ಓದುವ ಹುಡುಗರು ಆ ಪುಸ್ತಕದ ಕೊನೆಯ ಭಾಗದಲ್ಲಿರುವ ಹತ್ತು ಸೂತ್ರಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಪುಸ್ತಕದ ತಿರುಳು ನನಗೆ ಕಾಣುವುದು ಬೇರೆ ಕಡೆ, ವಾಲ್ಟನ್ ಪಶ್ಚಾತ್ತಾಪಪಡುವ ಒಂದು ಜಾಗದಲ್ಲಿ. 1970ರಲ್ಲಿ ವಾಲ್‌ಮಾರ್ಟ್ ಷೇರುಪೇಟೆಗೆ ಇಳಿದಾಗ ಲಾಭದಲ್ಲಿ ಪಾಲು ಸಿಕ್ಕಿದ್ದು ಮ್ಯಾನೇಜರುಗಳಿಗೆ ಮಾತ್ರ. ಗಂಟೆ ಲೆಕ್ಕದಲ್ಲಿ ದುಡಿಯುವವರು ಆ ಪಟ್ಟಿಯಲ್ಲಿ ಇರಲಿಲ್ಲ. ಇದು ಸರಿಯಲ್ಲವೆಂದು ಗಂಡನಿಗೆ ಹೇಳಿದವರು ಹೆಂಡತಿ ಹೆಲೆನ್. ತನ್ನ ವ್ಯಾಪಾರ ಜೀವನದ ಅತಿ ದೊಡ್ಡ ವಿಷಾದ ಇದೇ ಎಂದು ವಾಲ್ಟನ್ ಒಪ್ಪಿಕೊಳ್ಳುತ್ತಾರೆ. 1971ರಲ್ಲಿ ಆ ತಪ್ಪು ತಿದ್ದಿದರು. ಒಂದು ವರ್ಷ ಕೆಲಸ ಮಾಡಿ, ವರ್ಷಕ್ಕೆ ಕನಿಷ್ಠ 1,000 ಗಂಟೆ ದುಡಿದ ಯಾರಿಗಾದರೂ ಲಾಭದ ಪಾಲು ಬರುವಂತಾಯಿತು.

ದುಡ್ಡು ಹಂಚಿದ್ದಕ್ಕಿಂತ ದೊಡ್ಡ ಕೆಲಸವೊಂದನ್ನು ಅವರು ಮಾಡಿದ್ದರು: ಲೆಕ್ಕದ ಪುಸ್ತಕವನ್ನು ನೌಕರರ ಮುಂದೆ ಬಿಚ್ಚಿಟ್ಟಿದ್ದರು. ಆಟಿಕೆಯದಿರಲಿ, ಬಟ್ಟೆಯದಿರಲಿ, ಒಂದು ವಿಭಾಗ ನೋಡಿಕೊಳ್ಳುವ ನೌಕರಳಿಗೆ ತನ್ನ ಸರಕಿನ ಕೊಂಡ ಬೆಲೆ, ಸಾಗಣೆ ಖರ್ಚು, ಅದರ ಮೇಲಿಟ್ಟ ಲಾಭ, ಬೇರೆ ಅಂಗಡಿಗಳ ಅದೇ ವಿಭಾಗದ ಮಾರಾಟ ಎಲ್ಲವೂ ಗೊತ್ತಿರುತ್ತಿತ್ತು. ಅಂಗಡಿಯೊಳಗೆ ಅವಳದ್ದೇ ಒಂದು ಪುಟ್ಟ ಅಂಗಡಿ. ಕಳವು, ಸೋರಿಕೆ ಗುರಿಗಿಂತ ಕಡಿಮೆಯಾದರೆ ಆ ಅಂಗಡಿಯ ಎಲ್ಲರಿಗೂ ಬೋನಸ್ ಬರುತ್ತಿತ್ತು. ತೀರ್ಮಾನಗಳೂ ಅಂಗಡಿಯಲ್ಲೇ ಆಗುತ್ತಿದ್ದವು. ಅಲಬಾಮಾದ ಒನಿಯೊಂಟಾ ಎಂಬ ಊರಿನ ಅಂಗಡಿಯಲ್ಲಿ ಸಹಾಯಕ ಮ್ಯಾನೇಜರನೊಬ್ಬ ಕೈತಪ್ಪಿನಿಂದ ಮೂನ್ ಪೈ ಎಂಬ ತಿನಿಸನ್ನು ಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು ತರಿಸಿಬಿಟ್ಟ. ಆಮೇಲೆ ಅದನ್ನು ತಿನ್ನುವ ಸ್ಪರ್ಧೆಯೊಂದನ್ನೇ ಅವನು ಏರ್ಪಡಿಸಿದ, ಅದು ಆ ಊರಿನ ವಾರ್ಷಿಕ ಹಬ್ಬವಾಯಿತು. ಅರ್ಕಾನ್ಸಾದ ಬೆಂಟನ್‌ವಿಲ್‌ನಲ್ಲಿದ್ದ ಪ್ರಧಾನ ಕಚೇರಿಯನ್ನು ಕೇಳಿಕೊಂಡು ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಮ್ಯಾನೇಜ್‌ಮೆಂಟ್ ಚಿಂತಕ ಡಗ್ಲಾಸ್ ಮ್ಯಾಕ್‌ಗ್ರೆಗರ್ 1960ರಲ್ಲಿ 'ದಿ ಹ್ಯೂಮನ್ ಸೈಡ್ ಆಫ್ ಎಂಟರ್‌ಪ್ರೈಸ್' ಬರೆದು, ಮನುಷ್ಯನನ್ನು ನೋಡುವ ಎರಡು ಬಗೆಗಳಿಗೆ ಎಕ್ಸ್, ವೈ ಎಂದು ಹೆಸರಿಟ್ಟರು. ಕಾವಲಿಲ್ಲದೆ ಯಾರೂ ದುಡಿಯುವುದಿಲ್ಲ ಎನ್ನುವುದು ಒಂದು. ಹೊಣೆ ಕೊಟ್ಟರೆ ಜನ ಹೊತ್ತುಕೊಳ್ಳುತ್ತಾರೆ ಎನ್ನುವುದು ಇನ್ನೊಂದು. ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ನಾಯಕ ಮೊದಲು ಸೇವಕನಾಗಿರಬೇಕು ಎಂಬ ಪ್ರಬಂಧ ಬರೆದರು. ತಮ್ಮದು ಈ ಸೇವಕ ನಾಯಕತ್ವವೇ ಎಂದು ವಾಲ್‌ಮಾರ್ಟ್ ಹೇಳಿಕೊಳ್ಳುತ್ತ ಬಂದಿದೆ. ಈ ಮಾತು ನಿಜವೋ ಅಲ್ಲವೋ ಎಂದು ತಿಳಿಯಲು ನಾನು ನೋಡುವುದು ಒಂದೇ ಸಂಗತಿಯನ್ನು: ಅತಿ ಕಡಿಮೆ ಸಂಬಳದವನ ಕೈಯಲ್ಲಿ ಯಾವ ತೀರ್ಮಾನ ಇದೆ?

2005ರ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಕತ್ರಿನಾ ಚಂಡಮಾರುತ ಅಪ್ಪಳಿಸಿದಾಗ ಈ ಪ್ರಶ್ನೆಗೆ ಕಂಪನಿಯ ಉತ್ತರ ಚೆನ್ನಾಗಿತ್ತು. ನಿಮ್ಮ ದರ್ಜೆಗೆ ಮೀರಿದ ತೀರ್ಮಾನಗಳನ್ನು ನೀವು ತೆಗೆದುಕೊಳ್ಳಬೇಕಾಗುತ್ತದೆ, ಗೊತ್ತಿರುವ ಮಾಹಿತಿ ಇಟ್ಟುಕೊಂಡು ಸರಿ ಕಂಡದ್ದನ್ನು ಮಾಡಿ ಎಂದು ಆಗಿನ ಮುಖ್ಯಸ್ಥ ಲೀ ಸ್ಕಾಟ್ ಮ್ಯಾನೇಜರುಗಳಿಗೆ ತಿಳಿಸಿದರು. ಮಿಸಿಸಿಪ್ಪಿಯ ವೇವ್‌ಲ್ಯಾಂಡ್‌ನಲ್ಲಿ ಸಹಾಯಕ ಮ್ಯಾನೇಜರೊಬ್ಬಾಕೆ ನೀರು ನುಗ್ಗಿ ಹಾಳಾದ ಅಂಗಡಿಯೊಳಕ್ಕೆ ಬುಲ್ಡೋಜರ್ ನುಗ್ಗಿಸಿ, ಉಳಿದ ಸರಕನ್ನು ಊರವರಿಗೆ ಹಂಚಿದಳು. ಔಷಧದ ಕೋಣೆಯ ಬೀಗ ಒಡೆದು ಆಸ್ಪತ್ರೆಗೆ ಮದ್ದು ಕೊಟ್ಟಳು. ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. ಸರ್ಕಾರಿ ನೆರವು ತಲುಪುವ ಮೊದಲೇ ಎಷ್ಟೋ ಕಡೆ ವಾಲ್‌ಮಾರ್ಟ್ ಲಾರಿಗಳು ತಲುಪಿದ್ದವು. ಈ ಕಂಪನಿಯ ಬಗ್ಗೆ ಎಷ್ಟು ಕಟುವಾಗಿ ಬರೆಯುವವರೂ ಈ ಪುಟವನ್ನು ಮರೆಯಬಾರದು.

ಜರ್ಮನಿಯಲ್ಲಿ ಕಥೆ ಬೇರೆಯಾಯಿತು. 1997ರ ಕೊನೆಯಲ್ಲಿ ವೆರ್ಟ್‌ಕೌಫ್‌ನ 21 ಅಂಗಡಿ, ಮರುವರ್ಷ ಇಂಟರ್‌ಸ್ಪಾರ್‌ನ 74 ಅಂಗಡಿ ಕೊಂಡು ವಾಲ್‌ಮಾರ್ಟ್ ಅಲ್ಲಿ ಕಾಲಿಟ್ಟಿತು. ಮೊದಲು ಕಳಿಸಿದ ಮುಖ್ಯಸ್ಥ ಅಮೆರಿಕದವರು, ಜರ್ಮನ್ ಬಾರದವರು. ಆಡಳಿತದ ಭಾಷೆ ಇಂಗ್ಲಿಷ್ ಎಂದು ಗೊತ್ತುಮಾಡಲಾಯಿತು. 1975ರಲ್ಲಿ ವಾಲ್ಟನ್ ಕೊರಿಯಾದ ಟೆನಿಸ್ ಚೆಂಡಿನ ಕಾರ್ಖಾನೆಯೊಂದರಲ್ಲಿ ಕೆಲಸಗಾರರು ಒಟ್ಟಾಗಿ ಘೋಷಣೆ ಕೂಗುವುದನ್ನು ಮೆಚ್ಚಿ, ತಮ್ಮ ಅಂಗಡಿಗಳಿಗೂ ಅದನ್ನು ತಂದಿದ್ದರು. ಆ ಬೆಳಗಿನ ಘೋಷಣೆ ಜರ್ಮನಿಗೂ ಹೋಯಿತು. ಗಿರಾಕಿಯನ್ನು ಕಂಡು ನಗಬೇಕೆಂಬ ನಿಯಮ ಹೋಯಿತು. ಸಾಮಾನನ್ನು ಚೀಲಕ್ಕೆ ತುಂಬಿಕೊಡುವ ಸೇವೆ ಹೋಯಿತು, ತಾವೇ ತುಂಬಿಕೊಂಡು ಅಭ್ಯಾಸವಿದ್ದ ಗಿರಾಕಿಗಳಿಗೆ ಅದು ಬೇಕಿರಲಿಲ್ಲ. ತಿರುಳನ್ನು ಬೆಂಟನ್‌ವಿಲ್‌ನಲ್ಲೇ ಇಟ್ಟುಕೊಂಡು ಸಿಪ್ಪೆಯನ್ನಷ್ಟೇ ಹಡಗಿಗೆ ಹಾಕಿದಂತಾಯಿತು.

ಜರ್ಮನಿಯಲ್ಲಿ ನೌಕರರ ಮಾತಿಗೆ ಕಾನೂನಿನ ಬಲವಿದೆ. ಅವರೇ ಆರಿಸಿದ ನೌಕರರ ಮಂಡಳಿ ಇರುತ್ತದೆ, ನಡವಳಿಕೆಯ ನಿಯಮಗಳನ್ನು ಆ ಮಂಡಳಿಯ ಜೊತೆ ಕೂತು ರೂಪಿಸಬೇಕು. ವಾಲ್‌ಮಾರ್ಟ್ ಅಮೆರಿಕದಲ್ಲಿ ಬರೆದ ನೀತಿಸಂಹಿತೆಯನ್ನು ತಂದು ಹೇರಿತು. ಸಹೋದ್ಯೋಗಿಗಳ ನಡುವಿನ ಪ್ರೇಮ ಸಂಬಂಧಗಳಿಗೂ ಅದರಲ್ಲಿ ಕಡಿವಾಣವಿತ್ತು. 2005ರಲ್ಲಿ ವುಪ್ಪರ್ಟಾಲ್‌ನ ಕಾರ್ಮಿಕ ನ್ಯಾಯಾಲಯ, ನಂತರ ಡ್ಯುಸೆಲ್‌ಡಾರ್ಫ್‌ನ ಮೇಲಿನ ನ್ಯಾಯಾಲಯ ಅದರ ಹಲವು ಅಂಶಗಳನ್ನು ಹೊಡೆದುಹಾಕಿದವು. ಆಲ್ಡಿ, ಲಿಡ್ಲ್‌ನಂಥ ಅಗ್ಗದ ಅಂಗಡಿಗಳ ಪೈಪೋಟಿಯೂ ಇತ್ತು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಡಿ ಎಂದು 2000ದಲ್ಲಿ ಸ್ಪರ್ಧಾ ಪ್ರಾಧಿಕಾರ ತಡೆದದ್ದೂ ಇತ್ತು. ಸೋಲಿಗೆ ಇವೆಲ್ಲ ಕಾರಣ. ಆದರೆ ನೌಕರನ ಮಾತು ಕೇಳುವುದೇ ನಮ್ಮ ಧರ್ಮ ಎಂದು ಸಾರುವ ಕಂಪನಿಗೆ, ಕೇಳಲೇಬೇಕು ಎನ್ನುವ ಕಾನೂನು ಅಡ್ಡಿಯಾಗಿ ಕಂಡದ್ದು ನನ್ನ ಮಟ್ಟಿಗೆ ಅತಿ ದೊಡ್ಡ ಸುಳಿವು. 2006ರಲ್ಲಿ 85 ಅಂಗಡಿಗಳನ್ನು ಮೆಟ್ರೋ ಕಂಪನಿಗೆ ಬಿಟ್ಟುಕೊಟ್ಟು, ಸುಮಾರು 100 ಕೋಟಿ ಡಾಲರ್ ಕಳೆದುಕೊಂಡು ಅದು ಹೊರಟಿತು. ಕೆನಡಾದ ಜೊಂಕಿಯೇರ್‌ನಲ್ಲೂ ಇದೇ ಸ್ವಭಾವ ಕಂಡಿತು: 2004ರಲ್ಲಿ ಅಲ್ಲಿನ ನೌಕರರ ಸಂಘಕ್ಕೆ ಮಾನ್ಯತೆ ಸಿಕ್ಕಿತು, 2005ರಲ್ಲಿ ಅಂಗಡಿಯೇ ಮುಚ್ಚಿತು.

ತಳಮಟ್ಟಕ್ಕೆ ಅಧಿಕಾರ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ ಎಂದರೆ, ಅದೂ ಇಲ್ಲ. ಬೆಟ್ಟಿ ಡ್ಯೂಕ್ಸ್ ಮತ್ತಿತರ ಮಹಿಳಾ ನೌಕರರು ಹೆಣ್ಣು-ಗಂಡಿನ ತಾರತಮ್ಯದ ವಿರುದ್ಧ 2001ರಲ್ಲಿ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯನ್ನು ನಾಯಕತ್ವ ಕಲಿಸುವ ಪ್ರತಿ ತರಗತಿಯಲ್ಲೂ ಓದಿಸಬೇಕು. ಗಂಟೆ ಸಂಬಳದ ಕೆಲಸಗಳಲ್ಲಿ ಶೇ. 70ರಷ್ಟು ಹೆಂಗಸರಿದ್ದರೂ ಮ್ಯಾನೇಜರ್ ಹುದ್ದೆಗಳಲ್ಲಿ ಇದ್ದದ್ದು ಶೇ. 33 ಮಾತ್ರ. ಸಂಬಳ, ಬಡ್ತಿಯನ್ನು ಬಹುಪಾಲು ಆಯಾ ಅಂಗಡಿಯ ಮೇಲಿನವರ ವಿವೇಚನೆಗೆ ಬಿಡಲಾಗಿತ್ತು. ಸುಮಾರು 15 ಲಕ್ಷ ಮಹಿಳೆಯರ ಪರವಾಗಿ ಒಟ್ಟಾಗಿ ವಾದಿಸಲು ಅವರು ಕೇಳಿದ ಅನುಮತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ನಿರಾಕರಿಸಿತು. ಪ್ರತಿಯೊಬ್ಬ ಮ್ಯಾನೇಜರೂ ತನ್ನ ವಿವೇಚನೆಯಂತೆ ನಡೆದಿರುವಾಗ ಎಲ್ಲರಿಗೂ ಅನ್ವಯಿಸುವ ಒಂದೇ ನೀತಿ ಎಲ್ಲಿದೆ ಎಂಬುದು ಬಹುಮತದ ತೀರ್ಪಿನ ವಾದ. ವೇವ್‌ಲ್ಯಾಂಡ್‌ನಲ್ಲಿ ಜೀವ ಉಳಿಸಿದ ಅದೇ ಸ್ವಾತಂತ್ರ್ಯ ಇಲ್ಲಿ ಕಂಪನಿಗೆ ಗುರಾಣಿಯಾಯಿತು. ವಾಲ್ಟನ್ ಅಂಗಡಿಯ ವಿಭಾಗದವಳಿಗೆ ಲೆಕ್ಕ ತೋರಿಸಿದ್ದರು, ಆದರೆ ಪಕ್ಕದ ಗಂಡಸಿನ ಸಂಬಳ ಎಷ್ಟು, ಅವನಿಗೆ ಬಡ್ತಿ ಯಾಕೆ ಸಿಕ್ಕಿತು ಎಂಬ ಲೆಕ್ಕ ಅದರಲ್ಲಿ ಇರಲಿಲ್ಲ. ವಾಲ್ಟನ್ ಆತ್ಮಕಥೆಯ ದೊಡ್ಡ ಕೊರತೆ ಎಂದು ನಾನು ಎಣಿಸುವುದು ಇದನ್ನೇ. ಅಧಿಕಾರ ಕೊಡುವ ಬಗ್ಗೆ ಅಲ್ಲಿ ಎಷ್ಟೋ ಮಾತುಗಳಿವೆ. ಆ ಅಧಿಕಾರ ಪಡೆದವನು ಕೆಳಗಿನವರಿಗೆ ಹೇಗೆ ಉತ್ತರ ಹೇಳಬೇಕು ಎಂಬುದರ ಬಗ್ಗೆ ಏನೂ ಇಲ್ಲ.

ವಾಲ್ಟನ್ ಹೋದ ಮೇಲೆ ಕಂಪನಿ ತಾನೇ ಅವರ ಪಾಠದಿಂದ ದೂರ ಸರಿಯಿತು. 2007ರ ಹೊತ್ತಿಗೆ ಗಿರಾಕಿಗಳ ಸಂಖ್ಯೆ ನೋಡಿ ಯಾರು ಯಾವ ಹೊತ್ತಿಗೆ ಬರಬೇಕೆಂದು ಕಂಪ್ಯೂಟರ್ ಗೊತ್ತುಮಾಡುವ ಶಿಫ್ಟ್ ಪದ್ಧತಿ ಬಂತು. ಹೆಲೆನ್ ಒತ್ತಾಯಿಸಿ ತಂದ ಲಾಭದ ಪಾಲು 2011ರಲ್ಲಿ ನಿಂತಿತು. ನಿವೃತ್ತಿ ಉಳಿತಾಯಕ್ಕೆ ಕಂಪನಿ ಸೇರಿಸುವ ಹಣ ಅದರ ಜಾಗಕ್ಕೆ ಬಂತು, ಆದರೆ ಈ ಅಂಗಡಿ ನನ್ನದೂ ಹೌದು ಎಂಬ ಭಾವ ಅದರಿಂದ ಹುಟ್ಟುವಂಥದ್ದಲ್ಲ. ಇದೆಲ್ಲದರ ಫಲ ಅಂಗಡಿಗಳಲ್ಲೇ ಕಂಡಿತು. 2015ರ ಆರಂಭದಲ್ಲಿ ಗಿರಾಕಿ ಸೇವೆಯ ಗುರಿ ಮುಟ್ಟಿದ್ದ ಅಂಗಡಿಗಳು ಶೇ. 16 ಮಾತ್ರ.

ಆಗ ಮುಖ್ಯಸ್ಥರಾಗಿದ್ದವರು ಡಗ್ ಮ್ಯಾಕ್‌ಮಿಲನ್. 1984ರ ಬೇಸಿಗೆಯಲ್ಲಿ ಇದೇ ಕಂಪನಿಯ ಗೋದಾಮಿನಲ್ಲಿ ಲಾರಿಯಿಂದ ಸರಕು ಇಳಿಸುವ ಕೆಲಸಕ್ಕೆ ಸೇರಿದ ಹುಡುಗ. 2015ರ ಫೆಬ್ರುವರಿಯಲ್ಲಿ ಅವರು ಕನಿಷ್ಠ ಸಂಬಳವನ್ನು ಗಂಟೆಗೆ 9 ಡಾಲರಿಗೆ, ಮರುವರ್ಷ 10ಕ್ಕೆ ಏರಿಸುವುದಾಗಿ ಹೇಳಿದರು, ತರಬೇತಿಗೂ ದೊಡ್ಡ ಹಣ ತೆಗೆದಿಟ್ಟರು. ಅಕ್ಟೋಬರ್‌ನಲ್ಲಿ ಲಾಭ ಇಳಿಯುತ್ತದೆ ಎಂದು ಪ್ರಕಟಿಸಿದ ದಿನ ಷೇರು ಶೇ. 10ರಷ್ಟು ಕುಸಿಯಿತು. ಮ್ಯಾಕ್‌ಮಿಲನ್ ಹಿಂದೆ ಸರಿಯಲಿಲ್ಲ. 2016ರ ಹೊತ್ತಿಗೆ ಗುರಿ ಮುಟ್ಟಿದ ಅಂಗಡಿಗಳು ಶೇ. 75ಕ್ಕೆ ಏರಿದವು. ಪೇಟೆಯ ಸಿಟ್ಟನ್ನು ಎದುರಿಸಿ ನಿಂತ ಈ ನಿಲುವನ್ನು ನಾನು ನಿಜವಾದ ನಾಯಕತ್ವ ಎನ್ನುತ್ತೇನೆ, ಬೆಳಗಿನ ಘೋಷಣೆಗಳ ಉತ್ಸಾಹವನ್ನಲ್ಲ. ಇದನ್ನು ಇನ್ನೂ ಮೊದಲೇ ಮಾಡಬಹುದಿತ್ತು ಎನ್ನುವುದಕ್ಕೆ ಪ್ರತಿಸ್ಪರ್ಧಿ ಕಂಪನಿ ಕಾಸ್ಟ್‌ಕೋ ಸಾಕ್ಷಿ. ಅದರ ಸ್ಥಾಪಕರಲ್ಲೊಬ್ಬರಾದ ಜಿಮ್ ಸಿನೆಗಲ್ ಕೆಲಸ ಕಲಿತದ್ದು ರಿಯಾಯಿತಿ ಅಂಗಡಿಗಳ ವ್ಯಾಪಾರಿ ಸೋಲ್ ಪ್ರೈಸ್ ಬಳಿ. ವಾಲ್ಟನ್ ವ್ಯಾಪಾರದ ಉಪಾಯಗಳನ್ನು ಧಾರಾಳವಾಗಿ ಎರವಲು ತಂದದ್ದೂ ಅದೇ ಪ್ರೈಸ್ ಅವರಿಂದ. ಸಿನೆಗಲ್ ಮೊದಲಿನಿಂದಲೂ ಹೆಚ್ಚು ಸಂಬಳ ಕೊಟ್ಟೇ ಅಗ್ಗಕ್ಕೆ ಮಾರಿದರು.

2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲು ಕೊಂಡಿತು. ಹಾಗಾಗಿ ಈ ಪ್ರಶ್ನೆಗಳು ಈಗ ನಮ್ಮ ರಸ್ತೆಗೂ ಬಂದಿವೆ. ಇಂಥ ವೇದಿಕೆಗಳ ಪೊಟ್ಟಣ ಹೊತ್ತು ಸ್ಕೂಟರ್ ಓಡಿಸುವ ಹುಡುಗರಲ್ಲಿ ಹಲವರಿಗೆ ಯಾವ ಕೆಲಸ, ಎಷ್ಟು ದುಡ್ಡು ಎಂದು ತಿಳಿಸುವುದು ಮೊಬೈಲಿನ ಆ್ಯಪ್. ಅವರಿಗೆ ಲೆಕ್ಕದ ಪುಸ್ತಕ ಬಿಚ್ಚಿ ತೋರಿಸುವ ಮ್ಯಾನೇಜರ್ ಇಲ್ಲ. ಕರ್ನಾಟಕ 2025ರಲ್ಲಿ ಇಂಥ ಗಿಗ್ (ಬಿಡಿ ಕೆಲಸದ) ಕಾರ್ಮಿಕರಿಗಾಗಿ ತಂದ ಕಾನೂನಿನ ವ್ಯಾಪ್ತಿಯಲ್ಲಿ ಆನ್‌ಲೈನ್ ಮಾರಾಟದ ವೇದಿಕೆಗಳೂ ಇವೆ. ಯಂತ್ರ ತೆಗೆದುಕೊಳ್ಳುವ ತೀರ್ಮಾನಗಳು ತಮ್ಮ ದುಡಿಮೆಯನ್ನು ಹೇಗೆ ಬದಲಿಸುತ್ತವೆ ಎಂದು ತಿಳಿಯುವ ಹಕ್ಕನ್ನು ಅದು ಕಾರ್ಮಿಕರಿಗೆ ಕೊಟ್ಟಿದೆ. ವಾಲ್ಟನ್ ತಾವಾಗಿಯೇ ಕೊಟ್ಟಿದ್ದ ಮಾಹಿತಿಯ ಒಂದು ಭಾಗವನ್ನು ಇಲ್ಲಿ ಶಾಸನಸಭೆ ಕೇಳಿ ಪಡೆಯಬೇಕಾಗಿದೆ.