ತಲೆ ಎಣಿಸಿ ಕೊಟ್ಟವರು, ಎಣಿಸುವ ಮೊದಲೇ ಕೊಟ್ಟವರು

ಒಂದು ಉದ್ಯೋಗಕ್ಕೆ ಸರ್ಕಾರ ಎಷ್ಟು ದುಡ್ಡು ಕೊಡಬಹುದು? 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ಸುಮಾರು 2.3 ಲಕ್ಷ ಡಾಲರ್ ಕೊಡಲು ಸಿದ್ಧವಿತ್ತು. ತೈವಾನಿನ ಫಾಕ್ಸ್‌ಕಾನ್ ಕಂಪನಿ ಸಾವಿರ ಕೋಟಿ ಡಾಲರ್ ಹೂಡಿ, ಟಿವಿಗೆ ಬೇಕಾದ ದೊಡ್ಡ ಎಲ್‌ಸಿಡಿ ಪರದೆಗಳ ಕಾರ್ಖಾನೆ ಕಟ್ಟಿ, 13,000 ಮಂದಿಗೆ ಕೆಲಸ ಕೊಡುವುದಾಗಿ ಹೇಳಿತು. ಪ್ರತಿಯಾಗಿ ರಾಜ್ಯ ಸುಮಾರು 300 ಕೋಟಿ ಡಾಲರ್ ನೆರವು ಘೋಷಿಸಿತು.

ಹೆಸರಿಗೆ ಅದು ತೆರಿಗೆ ರಿಯಾಯಿತಿ, ನಿಜದಲ್ಲಿ ನಗದು. ವಿಸ್ಕಾನ್ಸಿನ್‌ನಲ್ಲಿ ತಯಾರಿಕಾ ಉದ್ಯಮಗಳು ಕಟ್ಟಬೇಕಾದ ಆದಾಯ ತೆರಿಗೆ ಆಗಲೇ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಆದ್ದರಿಂದ ಸಂಬಳದ ಶೇ 17 ಮತ್ತು ಹೂಡಿಕೆಯ ಶೇ 15ರ ಲೆಕ್ಕದಲ್ಲಿ ಸಿಗುವ ರಿಯಾಯಿತಿಯ ಬಹುಪಾಲನ್ನು ಖಜಾನೆ ಚೆಕ್ ಬರೆದೇ ಕೊಡಬೇಕಿತ್ತು. ಹೇಳಿದಷ್ಟೂ ಕೆಲಸ ಬಂದರೂ ಕೊಟ್ಟ ಹಣ ರಾಜ್ಯಕ್ಕೆ ಮರಳುವುದು 2043ರ ಹೊತ್ತಿಗೆ ಎಂದು ಶಾಸನಸಭೆಯ ಹಣಕಾಸು ಕಚೇರಿಯೇ ಲೆಕ್ಕ ಹಾಕಿ ಕೊಟ್ಟಿತ್ತು. ಪಕ್ಕದ ಇಲಿನಾಯ್ ರಾಜ್ಯದವರು ಗಡಿ ದಾಟಿ ಬಂದು ಕೆಲಸ ಮಾಡಿದರೆ ಇನ್ನೂ ತಡ. ಈ ಎಚ್ಚರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಶಾಸಕರು ಮಸೂದೆಗೆ ಒಪ್ಪಿಗೆ ಕೊಟ್ಟರು.

ಕಾರ್ಖಾನೆ ಹೇಳಿದಂತೆ ಏಳಲಿಲ್ಲ. ದೊಡ್ಡ ಪರದೆಯ ಯೋಜನೆ ಚಿಕ್ಕ ಪರದೆಗೆ ಇಳಿಯಿತು. ಆಮೇಲೆ, ಅಮೆರಿಕದಲ್ಲಿ ಟಿವಿ ಪರದೆ ಮಾಡಿ ಪೈಪೋಟಿ ನಡೆಸಲಾಗದು ಎಂದು 2019ರ ಆರಂಭದಲ್ಲಿ ಕಂಪನಿಯ ಹಿರಿಯ ಅಧಿಕಾರಿಯೇ ಹೇಳಿದರು.

ಇಷ್ಟಾದರೂ ರಾಜ್ಯದ ಖಜಾನೆ ದೊಡ್ಡ ಪೆಟ್ಟಿನಿಂದ ಪಾರಾಯಿತು. ಮೊದಲು ಕೆಲಸ, ಎಣಿಕೆ ಮುಗಿದ ಮೇಲೆ ಹಣ ಎಂಬ ಷರತ್ತು ಒಪ್ಪಂದದಲ್ಲಿತ್ತು. 2018ರ ಕೊನೆಗೆ ಕನಿಷ್ಠ 260 ಅರ್ಹ ನೌಕರರು ಇರಬೇಕಿತ್ತು, ಇದ್ದವರು 178. ಮರುವರ್ಷ 520 ಮಂದಿ ಬೇಕಿದ್ದ ಜಾಗದಲ್ಲಿ ರಾಜ್ಯದ ಅಧಿಕಾರಿಗಳ ಎಣಿಕೆಗೆ ಸಿಕ್ಕವರು 281. ಎರಡೂ ವರ್ಷ ರಿಯಾಯಿತಿ ಸಿಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಹೊಸ ಗವರ್ನರ್ ಟೋನಿ ಎವರ್ಸ್ ಒಪ್ಪಂದವನ್ನು ತಿದ್ದಿ ಬರೆಸಿದರು: 1,454 ಉದ್ಯೋಗ, 67.2 ಕೋಟಿ ಡಾಲರ್ ಹೂಡಿಕೆ, ಹೆಚ್ಚೆಂದರೆ 8 ಕೋಟಿ ಡಾಲರ್ ನೆರವು. ಒಂದು ಕೆಲಸದ ಬೆಲೆ ಸುಮಾರು 55,000 ಡಾಲರ್‌ಗೆ ಇಳಿಯಿತು.

ಇದೇ ಒಪ್ಪಂದದ ಇನ್ನೊಂದು ಅರ್ಧ ಮೌಂಟ್ ಪ್ಲೆಸೆಂಟ್ ಎಂಬ ಊರಿನದು, ಅದು ಹೆಚ್ಚು ನೋವಿನ ಕತೆ. ಸ್ಥಳೀಯ ಆಡಳಿತ ಮತ್ತು ರೇಸೀನ್ ಕೌಂಟಿ ಸೇರಿ 76 ಕೋಟಿ ಡಾಲರ್‌ಗೂ ಮಿಕ್ಕಿದ ಯೋಜನೆ ಒಪ್ಪಿಕೊಂಡವು. ಇಲ್ಲಿ ತಲೆ ಎಣಿಸುವ ತನಕ ಕಾಯುವ ಮಾತಿರಲಿಲ್ಲ. ಸಾಲ ಎತ್ತಿ ಜಮೀನು ಕೊಳ್ಳಬೇಕು, ರಸ್ತೆ ಹಾಕಬೇಕು, ನೀರಿನ ಕೊಳವೆ ಎಳೆಯಬೇಕು, ಕಂಪನಿ ಬರುವುದು ಆಮೇಲೆ. 2018ರ ಜೂನ್‌ನಲ್ಲಿ ಊರಿನ ಆಡಳಿತ ಮಂಡಳಿ ಸುಮಾರು 2,800 ಎಕರೆಯನ್ನು ‘ಹಾಳುಬಿದ್ದ ಪ್ರದೇಶ’ ಎಂದು ಗೊತ್ತುವಳಿ ಮಾಡಿತು. ಅಲ್ಲಿದ್ದದ್ದು ಬೆಳೆ ನಿಂತ ಹೊಲಗಳು ಮತ್ತು ಜನ ವಾಸವಿದ್ದ ಮನೆಗಳು. ಹತ್ತಾರು ಕುಟುಂಬಗಳು ಪರಿಹಾರ ಪಡೆದು ಜಾಗ ಬಿಟ್ಟವು. ಹೋದ ಮನೆಯನ್ನು ಯಾವ ತಿದ್ದುಪಡಿಯೂ ವಾಪಸು ತರಲಿಲ್ಲ.

ಊರು ದಿವಾಳಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಆಸ್ತಿಯ ಮೌಲ್ಯ ವಾಸ್ತವದಲ್ಲಿ ಎಷ್ಟೇ ಇದ್ದರೂ 2023ರಿಂದ ಅದನ್ನು 140 ಕೋಟಿ ಡಾಲರ್ ಎಂದೇ ಹಿಡಿದು ಕಂಪನಿ ತೆರಿಗೆ ಕಟ್ಟಬೇಕೆಂಬ ಷರತ್ತು ಊರಿನ ಕೈಹಿಡಿಯಿತು. ಮುಂದೆ ಮೈಕ್ರೋಸಾಫ್ಟ್ ಅದೇ ಪ್ರದೇಶದಲ್ಲಿ ನೂರಾರು ಎಕರೆ ಕೊಂಡು, 2024ರಲ್ಲಿ 330 ಕೋಟಿ ಡಾಲರ್‌ನ ಡೇಟಾ ಸೆಂಟರ್ ಯೋಜನೆ ಪ್ರಕಟಿಸಿತು. ತೆರಿಗೆಯ ಮಟ್ಟಿಗೆ ಇದು ಒಳ್ಳೆಯ ಸುದ್ದಿ. ಆದರೆ ಕಟ್ಟಡ ಮುಗಿದ ಮೇಲೆ ಡೇಟಾ ಸೆಂಟರ್‌ನಲ್ಲಿ ಉಳಿಯುವ ಕಾಯಂ ಕೆಲಸ ಕೆಲವು ನೂರರ ಲೆಕ್ಕದ್ದು. ಆ ಹೊಲಗಳನ್ನು ಬಿಡಿಸಿಕೊಂಡದ್ದು 13,000 ಉದ್ಯೋಗದ ಹೆಸರಿನಲ್ಲಿ.

ಉದ್ಯೋಗ ಬಂದಾಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಸಬ್ಸಿಡಿ ಇಲ್ಲದಿದ್ದರೆ ಅದು ಬರುತ್ತಲೇ ಇರಲಿಲ್ಲವೇ? ಮಿಷಿಗನ್‌ನ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಪ್ರೋತ್ಸಾಹಧನದಿಂದಲೇ ನಿರ್ಧಾರ ಬದಲಿಸಿದ ಕಂಪನಿಗಳು ಶೇ 2ರಿಂದ 25ರಷ್ಟು ಮಾತ್ರ ಎಂದು ಅವರಿಗೆ ಕಂಡಿತು. ಉಳಿದವು ಹೇಗಿದ್ದರೂ ಬರುವಂಥವೇ. ಕನ್ಸಾಸ್ ಸಿಟಿಯಲ್ಲಿ ಇದು ಇನ್ನೂ ಅತಿಗೆ ಹೋಗಿತ್ತು. ಆ ಮಹಾನಗರದ ನಡುವೆಯೇ ಕನ್ಸಾಸ್ ಮತ್ತು ಮಿಸೌರಿ ರಾಜ್ಯಗಳ ಗಡಿ ಹಾದುಹೋಗುತ್ತದೆ. ಕಂಪನಿಗಳು ರಸ್ತೆ ದಾಟಿ ಆಚೆ ಕಚೇರಿ ತೆರೆದು ರಿಯಾಯಿತಿ ಎಣಿಸಿಕೊಂಡವು. ನೌಕರರು ಅವರೇ, ಮನೆಗಳೂ ಅವೇ. 2019ರಲ್ಲಿ ಎರಡೂ ರಾಜ್ಯಗಳು ಕದನವಿರಾಮಕ್ಕೆ ಒಪ್ಪುವ ಹೊತ್ತಿಗೆ ಕೋಟಿಗಟ್ಟಲೆ ಡಾಲರ್ ಕರಗಿಹೋಗಿತ್ತು.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ದೇವನಹಳ್ಳಿ–ದೊಡ್ಡಬಳ್ಳಾಪುರ ಭಾಗದಲ್ಲಿ 300 ಎಕರೆ ಪಡೆದು ಬಂದಿರುವುದು ಇದೇ ಫಾಕ್ಸ್‌ಕಾನ್. ವಿಸ್ಕಾನ್ಸಿನ್‌ನಂತೆ ಇಲ್ಲಿ ಕೆಲಸ ಬಾರದೆ ಹೋಗಿಲ್ಲ. 2025ರಲ್ಲಿ ಐಫೋನ್ ಜೋಡಣೆ ಆರಂಭವಾಗಿ, ಸಾವಿರಾರು ಯುವತಿಯರು ಪಾಳಿಯಲ್ಲಿ ದುಡಿಯುತ್ತಿದ್ದಾರೆ. ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ವಶಪಡಿಸಿಕೊಳ್ಳಲು ಹೊರಟ ಸರ್ಕಾರ, ಮೂರು ವರ್ಷ ಮೀರಿದ ರೈತ ಹೋರಾಟದ ನಂತರ 2025ರ ಜುಲೈನಲ್ಲಿ ಕೈಬಿಟ್ಟಿತು. ಭೂಮಿ ಕೊಡುವವರಿಗೆ ಬೆಲೆ ಮೊದಲೇ ಗೊತ್ತು. ಲಾಭದ ಅಂಕಿ ಮಾತ್ರ ಹೂಡಿಕೆ ಸಮಾವೇಶದ ವೇದಿಕೆಯಿಂದ ಬರುತ್ತದೆ.

ವಿಸ್ಕಾನ್ಸಿನ್‌ನಿಂದ ಇಲ್ಲಿಗೆ ತರಬಹುದಾದದ್ದು ಆ ವಾರ್ಷಿಕ ಎಣಿಕೆ. ಕಂಪನಿಯ ಖಾತೆಯಲ್ಲಿರುವವರೆಷ್ಟು, ಗುತ್ತಿಗೆಯವರೆಷ್ಟು, ಸಂಬಳವೆಷ್ಟು, ವರ್ಷದೊಳಗೆ ಬಿಟ್ಟುಹೋದವರೆಷ್ಟು, ಜಮೀನು ಕೊಟ್ಟ ಹಳ್ಳಿಗಳಿಂದ ಸೇರಿದವರೆಷ್ಟು? ರಾಜ್ಯದ ಅಧಿಕಾರಿಗಳು 281 ಎಂದು ಬರೆದು ರಿಯಾಯಿತಿ ನಿರಾಕರಿಸಿದ ವಿಷಯ ಅಲ್ಲಿನ ಪತ್ರಿಕೆಗಳಲ್ಲಿ ಬಂದಿತ್ತು, ಮೌಂಟ್ ಪ್ಲೆಸೆಂಟ್‌ನಲ್ಲಿ ಮನೆ ಕಳೆದುಕೊಂಡವರೂ ಅದನ್ನು ಓದಬಹುದಿತ್ತು. ದೇವನಹಳ್ಳಿಯ ರೈತರ ಕೈಗೂ ಅಂಥ ಹಾಳೆಯೊಂದು ಪ್ರತಿವರ್ಷ ಬರಬೇಕು, ಕನ್ನಡದಲ್ಲಿ.