ವಯೋಲಾಳ ವೇಷ, ಮಾಲ್ವೋಲಿಯೋನ ವೇಷ

ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ವೇಷ ತೊಡದವರೇ ಹೆಚ್ಚು ಮರೆಸುತ್ತಾರೆ. ಒರ್ಸಿನೋ ಒಲಿವಿಯಾಳಿಗಿಂತ ವಿರಹಿಯೆಂಬ ತನ್ನ ಭಂಗಿಯನ್ನೇ ಪ್ರೀತಿಸುತ್ತಾನೆ. ಏಳು ವರ್ಷಗಳ ಶೋಕವ್ರತ ತೊಟ್ಟ ಒಲಿವಿಯಾ ಸಿಸಾರಿಯೋನ ಮೊದಲ ಭೇಟಿಯಲ್ಲೇ ಮುಸುಕು ಸರಿಸುತ್ತಾಳೆ. ಆ ಸಿಸಾರಿಯೋ ಗಂಡುಡುಗೆಯ ವಯೋಲಾ. ತಾನೊಲಿದವನ ಪ್ರೇಮಸಂದೇಶವನ್ನು ಮತ್ತೊಬ್ಬಳಿಗೆ ನಿಷ್ಠೆಯಿಂದ ಮುಟ್ಟಿಸುವ ಆಕೆ, ತನ್ನ ಒಲವನ್ನು ಇಲ್ಲದ ಸೋದರಿಯ ಕಥೆಯಾಗಿ ಹೇಳುವಾಗ ಆ ಸುಳ್ಳೇ ನಾಟಕದ ಅತ್ಯಂತ ನಿಜವಾದ ಮಾತಾಗುತ್ತದೆ.

ಈ ನಿಜಕ್ಕೆ ಬೆಲೆಯೂ ಇದೆ. ವಯೋಲಾ ಎಂಬ ಹೆಸರು ರಂಗದ ಮೇಲೆ ಕೇಳಿಸುವುದೇ ಐದನೆಯ ಅಂಕದಲ್ಲಿ. ಕೊನೆಯವರೆಗೂ ಒರ್ಸಿನೋ ಆಕೆಯನ್ನು ಸಿಸಾರಿಯೋ ಎಂದೇ ಕರೆಯುತ್ತಾನೆ. ಆಕೆಯ ಹೆಣ್ಣುಡುಗೆಯಿರುವುದು ಹಡಗಿನ ನಾಯಕನ ಬಳಿ. ಅವನೋ ಮಾಲ್ವೋಲಿಯೋ ಹೂಡಿದ ದಾವೆಯಿಂದ ಸೆರೆಯಲ್ಲಿದ್ದಾನೆ. ಹುಸಿಪತ್ರ ನಂಬಿ ಹಳದಿ ಕಾಲುಚೀಲ ತೊಟ್ಟು, ಕತ್ತಲಕೋಣೆಯಲ್ಲಿ ಅವಮಾನಿತನಾದ ಮಾಲ್ವೋಲಿಯೋ ಸೇಡಿನ ಮಾತಾಡಿ ಹೊರನಡೆಯುತ್ತಾನೆ. ತಾನೇ ಆರಿಸಿದ ವೇಷ ಒಬ್ಬಳ ಶೀಲವನ್ನು ಬೆಳಗಿತು, ಮೋಸದಿಂದ ತೊಡಿಸಿದ ವೇಷ ಒಬ್ಬನನ್ನು ಮುರಿಯಿತು. ಅವಳ ಬಿಡುಗಡೆ ಈಗ ಅವನ ಕೈಯಲ್ಲಿದೆ.

1602ರ ಫೆಬ್ರುವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್‌ನಲ್ಲಿ ನಾಟಕ ನೋಡಿದ ಜಾನ್ ಮ್ಯಾನಿಂಗ್‌ಹ್ಯಾಮ್ ತನ್ನ ದಿನಚರಿಯಲ್ಲಿ ಮೆಚ್ಚಿ ಬರೆದದ್ದು ಮಾಲ್ವೋಲಿಯೋನಿಗೆ ಒಡ್ಡಿದ ಆ ಮೋಸವನ್ನೇ. ನಾವು ಅಲ್ಲಿಗೇ ನಕ್ಕು ನಿಲ್ಲಲಾಗದು: ವಯೋಲಾಳ ಮದುವೆ ಅವನು ಹಿಂದಿರುಗಿ ಬರುವುದನ್ನೇ ಕಾಯುತ್ತಿದೆ.