ರಾಮರಾಯನ ಪರವಾಗಿ

‘ತುಘಲಕ್’ ಬರೆದವರು ‘ರಾಕ್ಷಸ ತಂಗಡಿ’ ಬರೆಯಬಾರದಿತ್ತು. ಧಾರವಾಡದಲ್ಲಿ ಈ ಮಾತನ್ನು ಈಗ ಯಾರೂ ಚರ್ಚಿಸುವುದಿಲ್ಲ, ಅದು ತೀರ್ಪಾಗಿ ಕೂತುಬಿಟ್ಟಿದೆ. ನಾಟಕ ಓದದವರಂತೂ ಇದನ್ನು ಇನ್ನೂ ಗಟ್ಟಿ ದನಿಯಲ್ಲಿ ಹೇಳುತ್ತಾರೆ. ‘ವಯಸ್ಸಾಗಿತ್ರೀ, ಕೈ ದಣದಿತ್ತು’ ಅಂದು ಚಹಾ ಮುಗಿಸಿ ಏಳುತ್ತಾರೆ. 2018ರಲ್ಲಿ ಇದೇ ಊರಿನ ಮನೋಹರ ಗ್ರಂಥಮಾಲೆ ವಿಜಯನಗರದ ಪತನದ ಈ ನಾಟಕವನ್ನು ಪ್ರಕಟಿಸಿತು. ಮರುವರ್ಷ ಜೂನಿನಲ್ಲಿ ಗಿರೀಶ ಕಾರ್ನಾಡರು ತೀರಿಕೊಂಡರು. ತೀರಿಕೊಂಡವರ ಕೊನೆಯ ಕೃತಿಗೆ ಕೈಮುಗಿದು, ಓದದೆ ಬಿಡುವ ಸಭ್ಯತೆ ನಮ್ಮದು. ಅದಕ್ಕಿಂತ ಓದಿ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈ ಅಸಡ್ಡೆಯ ಬೇರು ಇರುವುದು ವಿಜಯನಗರದ ಬಗ್ಗೆ ನಾವು ನೂರು ವರ್ಷ ಸಾಕಿಕೊಂಡು ಬಂದ ರುಚಿಯಲ್ಲಿ. ಆಲೂರ ವೆಂಕಟರಾಯರು 1905ರಲ್ಲಿ ಹಂಪಿ ನೋಡಿ ಬಂದರು, 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು. ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ಸ್ಮಾರಕ ಸಂಪುಟವೂ 1936ರಲ್ಲಿ ಬಂದದ್ದು ಧಾರವಾಡದಿಂದಲೇ. ಆ ಹಂಬಲದಿಂದ ನಾಡು ಒಂದಾಯಿತು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯ ಮೇಲೆ. ಪುಸ್ತಕ ಹೊತ್ತು ಊರೂರು ತಿರುಗಿ ಮಾರಿ ನಮ್ಮ ಅಜ್ಜಂದಿರಿಗೆ ಓದುವ ಚಟ ಹಚ್ಚಿದವರನ್ನು ಬೈಯಲು ನಾಲಗೆ ಹಿಂಜರಿಯುತ್ತದೆ. ಆದರೂ ಬೈಯಬೇಕು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಯ ನೆರಳಲ್ಲಿ ಹುಟ್ಟಿದ ಈ ಕಥೆಯಲ್ಲಿ ಸಾಮ್ರಾಜ್ಯ ಮುಳುಗುವುದು ರಾಮರಾಯ ಹರೆಯದಲ್ಲಿ ಮಾಡಿದ ಒಂದು ಪ್ರೇಮದಿಂದ, ಆ ಪ್ರೇಮದ ಫಲವಾದ ಮಗನ ಸೇಡಿನಿಂದ. ಒಬ್ಬನ ಪಾಪ, ಒಬ್ಬನ ದ್ರೋಹ, ಓದುಗನ ಕಣ್ಣೀರು. ಅಲ್ಲಿಗೆ ಲೆಕ್ಕ ಚುಕ್ತಾ.

ಈ ಚಾಳಿ ನಮ್ಮದೊಂದೇ ಅಲ್ಲ. ಆಲೂರರ ಪುಸ್ತಕ ಬಂದ ವರ್ಷವೇ, ಮಾರ್ಚ್‌ನಲ್ಲಿ, ಪ್ಸ್ಕೋವ್‌ನಲ್ಲಿ ನಿಂತ ರೈಲಿನೊಳಗೆ ಕೂತು ರಷ್ಯಾದ ಝಾರ್ ಎರಡನೇ ನಿಕೊಲಾಯ್ ಪಟ್ಟ ಬಿಟ್ಟುಕೊಟ್ಟ. 1915ರಲ್ಲಿ ಸೇನಾಪತಿಯ ಹೊಣೆಯನ್ನು ತಾನೇ ಹೊತ್ತು ರಾಜಧಾನಿ ಬಿಟ್ಟು ಮೊಗಿಲ್ಯೋವ್‌ಗೆ ಹೋಗಿದ್ದ. ಅಲ್ಲಿಂದಾಚೆ ಪ್ರತಿ ಸೋಲೂ ಅವನ ಖಾತೆಗೇ ಬಿತ್ತು. ಇತ್ತ ಪೆಟ್ರೋಗ್ರಾಡಿನಲ್ಲಿ ರೊಟ್ಟಿಗೆ ಪಾಳಿ. ಆದರೆ ದಾರಿಹೋಕರನ್ನು ಕೇಳಿ ನೋಡಿ, ರಾಸ್‌ಪುಟಿನ್ ಹೆಸರು ಬಿಟ್ಟು ಬೇರೇನೂ ಹೇಳುವುದಿಲ್ಲ. ಅದು ರಷ್ಯನ್ನರ ಕರ್ಮಕಥೆ.

ಇನ್ನು ನಮ್ಮ ರಾಮರಾಯ. ಅಹಮದನಗರದ ಹುಸೇನ್ ನಿಜಾಮಶಾಹ ಸೋತು ಸಂಧಿಗೆ ಬಂದ ದಿನದ ಒಂದು ಸಂಗತಿಯನ್ನು ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ರಾಮರಾಯ ಎದ್ದು ಬರಮಾಡಿಕೊಂಡು ಅವನ ಕೈಗೆ ಮುತ್ತಿಟ್ಟ. ಸುಲ್ತಾನ ಅಲ್ಲೇ, ಎಲ್ಲರೆದುರು, ತಂಬಿಗೆ ತರಿಸಿ ಕೈ ತೊಳೆದುಕೊಂಡ. ಅತಿಥಿ ಎಂಬ ಕಾರಣಕ್ಕೆ ಇವನ ಕೈ ಉಳಿಯಿತು ಎಂಬರ್ಥದ ಮಾತನ್ನು ರಾಮರಾಯ ಕನ್ನಡದಲ್ಲಿ ಆಡಿ, ನೀರು ತರಿಸಿ ತಾನೂ ತೊಳೆದುಕೊಂಡ. ಪಾರ್ಸಿಯಲ್ಲಿ ಬರೆಯುವವನು ಆ ಮಾತು ಕನ್ನಡದ್ದೆಂದು ಮರೆಯದೆ ದಾಖಲಿಸುತ್ತಾನೆ! ವಿಜಯನಗರ ಬಿದ್ದ 1565ರ ಜನವರಿಯ ಯುದ್ಧದ ಕಾವು ಇಂಥ ತಂಬಿಗೆ ನೀರಿನಲ್ಲೇ ಇತ್ತು.

ಕಾರ್ನಾಡರ ಕಿವಿ ಇರುವುದು ಇಲ್ಲಿ. ರಾಮರಾಯನಿಗೆ ಮಗ ಸತ್ತಾಗ ವಿಜಾಪುರದ ಅಲಿ ಆದಿಲಶಾಹ ಸಮಾಧಾನ ಹೇಳಲು ಬಂದ, ರಾಮರಾಯನ ಹೆಂಡತಿ ಅವನನ್ನೇ ಮಗನೆಂದು ಸ್ವೀಕರಿಸಿದಳು. ಅದೇ ಮಗ ಮುಂದೆ ನಿಜಾಮಶಾಹನ ಮಗಳು ಚಾಂದಬೀಬಿಯನ್ನು ಮದುವೆಯಾಗಿ, ಸೊಲ್ಲಾಪುರದ ಕೋಟೆಯನ್ನು ಬಳುವಳಿ ಪಡೆದು, ತಂದೆಯ ವಿರುದ್ಧ ದಂಡು ಕಟ್ಟಿದ. ಇದರಲ್ಲಿ ಧರ್ಮಯುದ್ಧ ಹುಡುಕುವವರು ಹುಡುಕಲಿ. ನನಗೆ ಕಾಣುವುದು ನಾಲ್ಕು ಮನೆತನಗಳ ಮಾನ-ಅವಮಾನ, ಕೊಡುಕೊಳ್ಳುವಿಕೆ. ರಾಮರಾಯನ ಆರವೀಡು ಮನೆತನ ಚಾಲುಕ್ಯರ ಕುಡಿ ಎಂದು ಹೇಳಿಕೊಳ್ಳುತ್ತಿತ್ತು. ಕೃಷ್ಣದೇವರಾಯನ ಅಳಿಯನಾಗಿ ಎರಡು ದಶಕ ರಾಜ್ಯ ಆಳಿದರೂ ಸಿಂಹಾಸನ ಮಾತ್ರ ಸದಾಶಿವರಾಯನದು. ಅರಸನಾಗದೆ ಅರಸುತನ ನಡೆಸಿದ ಮುದುಕನ ಉರಿ ಈ ನಾಟಕದ ಜೀವಾಳ.

ಸಂಭಾಷಣೆಯಲ್ಲಿ ಇತಿಹಾಸದ ಪಾಠ ಹೆಚ್ಚಾಯಿತು ಎನ್ನುತ್ತಾರೆ. ಹೆಚ್ಚಾಗಿದೆ. ಬೇರೆಯವರ ನಾಟಕದಲ್ಲಿದ್ದರೆ ನಾನೂ ಬಿಡುತ್ತಿರಲಿಲ್ಲ. ಆದರೆ ವಂಶಾವಳಿಯನ್ನೇ ಉಸಿರಾಡುವ ದರಬಾರದಲ್ಲಿ ಮಂದಿ ವಂಶಾವಳಿ ಬಿಟ್ಟು ಬೇರೇನು ಮಾತಾಡಬೇಕು? ‘ತುಘಲಕ್’ ಬಂದಾಗ ಕಾರ್ನಾಡರಿಗೆ 26 ವರ್ಷ. ಅದು ಜಾಣ ಹುಡುಗನ ನಾಟಕ, ಪ್ರತಿ ಮಾತೂ ಚಪ್ಪಾಳೆಗೆ ಕಾದು ನಿಂತಿರುತ್ತದೆ. ತುಘಲಕ್, ಬಿಜ್ಜಳ, ಟಿಪ್ಪು ಎಂದು ಕುಸಿಯುವ ದೊರೆಗಳನ್ನು ಜನ್ಮವಿಡೀ ಬರೆದವರಿಗೆ ಚಪ್ಪಾಳೆಯ ಹಂಗು ಹರಿದದ್ದು ರಾಮರಾಯನ ಹತ್ತಿರ ಬಂದಾಗ.

ಯುದ್ಧವಾಗಿ ಎರಡು ವರ್ಷಕ್ಕೆ ವಿಜಯನಗರಕ್ಕೆ ಬಂದ ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್, ಸೋಲಿಗೆ ಇಬ್ಬರು ಮುಸ್ಲಿಂ ಸರದಾರರ ದ್ರೋಹ ಕಾರಣವೆಂದು ಬರೆದ. ಮೂವರು ಅಣ್ಣತಮ್ಮಂದಿರು ನಿಜವಾದ ಅರಸನನ್ನು ಸೆರೆಯಲ್ಲಿಟ್ಟು ಆಳುತ್ತಿದ್ದರೆಂದು ಬರೆದವನೂ ಅವನೇ. ಮೊದಲ ಮಾತನ್ನು ನಮ್ಮ ಕಥೆಗಾರರು ಬಾಚಿಕೊಂಡರು, ಎರಡನೆಯದನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಕೇಳಬೇಕಾಗುತ್ತಿತ್ತು: ಆ ದಿನ ರಣದಲ್ಲಿ ಬಿದ್ದದ್ದು ಯಾರ ತಲೆ? ಅರಸನದಂತೂ ಅಲ್ಲ. ಅರಸುತನ ಅರಮನೆಯೊಳಗೆ ಎಂದೋ ಸತ್ತಿತ್ತು. ರಾಮರಾಯನ ತಲೆ ಉರುಳಿದೊಡನೆ ತಮ್ಮ ತಿರುಮಲ ಸದಾಶಿವನನ್ನು ಕರೆದುಕೊಂಡು ಪೆನುಕೊಂಡೆಗೆ ಓಡಿದ. ಇತಿಹಾಸಕಾರ ಸ್ಯೂವೆಲ್ ಕೊಡುವ ಲೆಕ್ಕದಲ್ಲಿ 550 ಆನೆಗಳ ಮೇಲೆ ಬೊಕ್ಕಸ ಹೋಯಿತು. ಊರಿನ ಜನ ಮಾತ್ರ ಊರಲ್ಲೇ ಉಳಿದರು.

ಹಂಪಿ ಉತ್ಸವದ ಬೆಳಕಿನಲ್ಲಿ ಆ ಆನೆಗಳ ಸಾಲನ್ನು ಯಾರೂ ತೋರಿಸುವುದಿಲ್ಲ. ತೋರಿಸಿದರೆ ಸೇರಿದ ಮಂದಿ ಯಾರನ್ನು ಬೈಯಬೇಕು? ಗತವೈಭವದ ಪ್ರೇಕ್ಷಕನಿಗೆ ಅಳು ಬೇಕು, ಅಳಿಸಿದ ಖಳನೂ ಹೊರಗಿನವನಾಗಿರಬೇಕು. ಹುಬ್ಬಳ್ಳಿ-ಧಾರವಾಡದ ನಮ್ಮ ತಂಡಗಳೂ ಇದನ್ನು ಬಲ್ಲವು. ಹೊಸ ಹುಡುಗನೊಬ್ಬ ಚಲೋ ದನಿಯವನು ಸಿಕ್ಕರೆ ಸಾಕು, ‘ತುಘಲಕ್’ ತಾಲೀಮು ಶುರು. ‘ರಾಕ್ಷಸ ತಂಗಡಿ’ಗೆ ಎಂಬತ್ತರ ಮುದುಕ ಬೇಕು, ಅವನ ಎದುರು ತೂಗುವಂಥ ಸುಲ್ತಾನರು ಬೇಕು, ಒಬ್ಬರೂ ಒಳ್ಳೆಯವರಿಲ್ಲದ ಕಥೆಯನ್ನು ಕೂತು ನೋಡುವ ಊರು ಬೇಕು. ಮುದುಕರಿಗೇನೂ ಇಲ್ಲಿ ಬರವಿಲ್ಲ.